ಎರಡು ಪ್ರಮಾಣ, ಒಂದು ಜೊತೆ ಚಪ್ಪಲಿ

ಮಾವಿನ ಮರದ ಬುಡದಲ್ಲಿ ಒಂದು ಜೊತೆ ಚಪ್ಪಲಿ. ನೀಲಿ ಬಾರಿನ ಹವಾಯಿ, ಒಂದರ ಪಕ್ಕ ಒಂದು, ಮೂತಿ ರಸ್ತೆಯ ಕಡೆಗೆ. ಹೀಗೆಂದು ನನಗೆ ನೆನಪು. ಆದರೆ ನನ್ನ ನೆನಪಿನ ಮೇಲೆ ನನಗೆ ಅಂಥ ವಿಶ್ವಾಸವಿಲ್ಲ. ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಓದಿದವನು ನಾನು. ಕಣ್ಣಾರೆ ಕಂಡೆ ಎನ್ನುವವನನ್ನೇ ಮೊದಲು ಅನುಮಾನಿಸುವ ಅಭ್ಯಾಸ ಅಲ್ಲಿ ಹತ್ತಿತು. ಓದು ಮುಗಿಸಿ ಬಂದ ಮೇಲೆ ಅದು ನನ್ನ ಕಡೆಗೇ ತಿರುಗಿತು. ಅಜ್ಜಿಯ ಮನೆಯ ನಾಯಿ ಕಂದು ಬಣ್ಣದ್ದು ಎಂದು ನಾನು, ಕಪ್ಪು ಎಂದು ಅಕ್ಕ. ಈಗಲೂ ಇತ್ಯರ್ಥವಾಗಿಲ್ಲ.

ನಾಯಿಯ ಬಣ್ಣದಿಂದ ಯಾರಿಗೂ ನಷ್ಟವಿಲ್ಲ. ಚಪ್ಪಲಿಯ ಸಂಗತಿ ಹಾಗಲ್ಲ. ಆ ಹೊತ್ತಿನಲ್ಲಿ ಅದು ಮರದ ಬುಡದಲ್ಲಿತ್ತೋ, ಅದರ ಯಜಮಾನರ ಕಾಲಿನಲ್ಲಿತ್ತೋ ಎನ್ನುವುದರ ಮೇಲೆ ಕೊಕ್ಕಡದ ಆಚೆಗಿನ ಒಂದು ಸಣ್ಣ ಮನೆಯಲ್ಲಿ ಗಂಡ ಹೆಂಡತಿ ಉಳಿಯುವುದೋ ಮನೆ ಬಿಟ್ಟು ಏಳುವುದೋ ತೀರ್ಮಾನವಾಗಬೇಕಿತ್ತು. ಆಗ ಅವರಿಗೆ ಎಲ್ಲರಿಗಿಂತ ಹತ್ತಿರ ನಿಂತಿದ್ದವನು ನಾನು.

ಊರಿನವರು ಆ ಚಪ್ಪಲಿಯ ಯಜಮಾನರನ್ನು ಸಿಲೋನಿನವರು ಎನ್ನುತ್ತಿದ್ದರು. ಹಿಂದಿನಿಂದ ಹೇಳುವಾಗ ಸಿಲೋನಿನವ. ಕಾಗದದ ಪ್ರಕಾರ ಅವರು ಸ್ವದೇಶಕ್ಕೆ ಮರಳಿ ಬಂದವರು, ಬಾಯಿಮಾತಿನಲ್ಲಿ ನಿರಾಶ್ರಿತರು. ಸಿಲೋನಿನ ಚಹಾ ತೋಟದಲ್ಲಿ ಹುಟ್ಟಿ, ಎರಡು ಸರಕಾರಗಳು ಮಾತಾಡಿಕೊಂಡು ಕಳಿಸಿಕೊಟ್ಟ ತಮಿಳು ಕುಟುಂಬಗಳ ಜೊತೆ ಹುಡುಗನಾಗಿದ್ದಾಗ ಹಡಗು ಹತ್ತಿ ಬಂದವರು. ಇಲ್ಲಿ ಅವರಿಗೆ ರಬ್ಬರ್ ತೋಟದಲ್ಲಿ ಕೆಲಸ, ಕಾಲೊನಿಯಲ್ಲಿ ಮನೆ. ಮನೆ ಕೆಲಸಕ್ಕೆ ಅಂಟಿಕೊಂಡದ್ದು. ಅವರು ಮರ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗ್ ಬಿಟ್ಟು ಗೂಡ್ಸ್ ರಿಕ್ಷಾ ತೆಗೆದುಕೊಂಡ ಮೇಲೆ ಹೆಂಡತಿ ಒಬ್ಬರೇ ಬೆಳಿಗ್ಗೆ ಕತ್ತಿ ಹಿಡಿದು ಮರಗಳ ಕಡೆ ಹೋಗುತ್ತಿದ್ದರು. ಆ ಕೆಲಸದಿಂದಾಗಿ ಮನೆ ಉಳಿದಿತ್ತು.

ನನಗೆ ಪರಿಚಯವಾದದ್ದು ಆ ಗೂಡ್ಸ್ ರಿಕ್ಷಾದಿಂದ. ನಾನು ಒಂದು ಕಡೆ ನೆಟ್ಟಗೆ ಕೂರುವವನಲ್ಲ. ಮೂಡುಬಿದಿರೆಯ ಕಾಲೇಜಿನಲ್ಲಿ ಪಾಠ, ಅದು ಬೇಡವೆನಿಸಿ ಬಂಟ್ವಾಳದಲ್ಲಿ ಟ್ಯೂಷನ್, ಬಿ.ಸಿ.ರೋಡಿನಲ್ಲಿ ಬಾಡಿಗೆ ಕೋಣೆ, ಪುನಃ ಮೂಡುಬಿದಿರೆ. ಪ್ರತಿ ಸಲವೂ ನನ್ನ ಪುಸ್ತಕದ ಪೆಟ್ಟಿಗೆಗಳನ್ನು ಅವರೇ ಸಾಗಿಸಿದರು.

"ಮಾಷ್ಟ್ರೆ, ನಾವು ಒಂದು ಸಲ ಮಾತ್ರ ಊರು ಬಿಟ್ಟದ್ದು. ನೀವು ವರ್ಷಕ್ಕೊಮ್ಮೆ ಬಿಡ್ತೀರಲ್ಲ" ಎಂದು ಪೆಟ್ಟಿಗೆಯ ಕೆಳಗಿನಿಂದ ತಲೆ ಹೊರಹಾಕಿ ಕೇಳುತ್ತಿದ್ದರು. "ನಿಜವಾದ ನಿರಾಶ್ರಿತ ಯಾರು?"

ರಿಕ್ಷಾದ ಹಿಂದೆ ಒಂದು ಪ್ಲೈವುಡ್ ಹಲಗೆ ಯಾವಾಗಲೂ ಇರುತ್ತಿತ್ತು. ಕೆಂಪು ಪೈಂಟಿನಲ್ಲಿ, ಅಕ್ಷರಗಳು ಬಲಕ್ಕೆ ಹೋದಂತೆ ಸಣ್ಣದಾಗಿ: ಆಣೆ ಬೇಡ, ಸಾಕ್ಷಿ ಕೇಳಿ. ಇದನ್ನು ಹಿಡಿದು ಅವರು ದೇವಸ್ಥಾನದ ಎದುರು ನಿಂತಿದ್ದರು, ಮಸೀದಿಯ ಎದುರು ನಿಂತಿದ್ದರು, ಇಗರ್ಜಿಯ ಎದುರು, ಬಸದಿಯ ಎದುರು. ಎಲ್ಲ ಕಡೆಯವರೂ ಬೈದಿದ್ದರು. ಒಂದು ಕಡೆಯವರು ಬೈದಾಗ ಇನ್ನೊಂದು ಕಡೆಯವರು ಬೆನ್ನು ತಟ್ಟಲು ಬರುತ್ತಿದ್ದರು. ಮುಂದಿನ ವಾರ ಹಲಗೆ ಅವರ ಬಾಗಿಲಿಗೂ ಬರುತ್ತಿದ್ದುದರಿಂದ ಆ ಸ್ನೇಹ ಬಾಳುತ್ತಿರಲಿಲ್ಲ.

ಹಲಗೆಯ ವಿಷಯದಲ್ಲಿ ನನಗೆ ತಕರಾರಿರಲಿಲ್ಲ. ಬನ್ಸಿನ ವಿಷಯದಲ್ಲಿ ಇತ್ತು. ಏಕಾದಶಿಯ ದಿನ, ರಂಜಾನಿನ ಹಗಲಿನಲ್ಲಿ, ಶುಭ ಶುಕ್ರವಾರದಂದು, ಪರ್ಯೂಷಣದಲ್ಲಿ ಅವರು ಆಯಾ ಜಾಗದ ಎದುರು ರಿಕ್ಷಾ ನಿಲ್ಲಿಸಿ, ಹೋಟೆಲಿನಿಂದ ಕಟ್ಟಿಸಿ ತಂದ ಬನ್ಸ್ ಬಿಚ್ಚಿ ನಿಧಾನವಾಗಿ ತಿನ್ನುತ್ತಿದ್ದರು. ಅದು ಅವರ ಪ್ರತಿಭಟನೆ. ಒಮ್ಮೆ ಬಿ.ಸಿ.ರೋಡಿನಲ್ಲಿ ನಾಲ್ಕು ಜನ ಸೇರಿ ರಿಕ್ಷಾವನ್ನೇ ಎತ್ತಿ ಚರಂಡಿಯ ಅಂಚಿನಲ್ಲಿಟ್ಟು ಹೋಗಿದ್ದರು.

"ಉಪವಾಸ ಮಾಡುವವರ ಎದುರು ತಿನ್ನುವುದು ಯಾವ ವಿಚಾರವಾದ?" ಎಂದು ಕೇಳಿದ್ದೆ.

"ನಾನು ಅವರಿಗೆ ತಿನ್ನಿ ಅಂತ ಹೇಳಿದೆನಾ?"

"ಅದು ಕೆಣಕುವುದು."

"ಕೆಣಕದೆ ಯಾರು ತಿರುಗಿ ನೋಡ್ತಾರೆ ಮಾಷ್ಟ್ರೆ? ನೀವು ಕ್ಲಾಸಿನಲ್ಲಿ ಇಷ್ಟು ವರ್ಷ ಪಾಠ ಮಾಡಿದಿರಿ. ಒಬ್ಬನಾದರೂ ನಿಮ್ಮ ರಿಕ್ಷಾ ಎತ್ತಿದ್ದುಂಟಾ?"

ಈಗಲೂ ನನಗೆ ಅವರು ತಪ್ಪೆಂದೇ ಕಾಣುತ್ತದೆ. ಆದರೆ ಅವರಿಗೆ ಇಷ್ಟೊಂದು ಸಿಟ್ಟು ಬಂದದ್ದು ಉಪವಾಸದ ಮೇಲಲ್ಲ, ಆಣೆಯ ಮೇಲೆ. ಅದನ್ನು ಅವರು ಹೇಳಿದ್ದು ಪಾಣೆಮಂಗಳೂರಿನ ಸೇತುವೆಯ ಹತ್ತಿರ ವಾಹನಗಳು ಸಾಲುಗಟ್ಟಿ ನಿಂತಿದ್ದಾಗ, ನನ್ನ ಮೂರನೆಯದೋ ನಾಲ್ಕನೆಯದೋ ಮನೆ ಬದಲಾವಣೆಯಲ್ಲಿ.

ಚಹಾ ತೋಟದ ಸಾಲುಮನೆಗಳ ನಡುವೆ ಒಂದು ಅಮ್ಮನವರ ಗುಡಿ. ಅಲ್ಲಿನ ಹಿತ್ತಾಳೆಯ ಗಂಟೆ ಒಂದು ದಿನ ಕಾಣೆಯಾಯಿತು. ಕೊನೆಗೆ ಗುಡಿ ಗುಡಿಸಿದವರು ಅವರ ಅಪ್ಪ. ಅಮ್ಮನವರ ಮುಂದೆ ಕರ್ಪೂರ ಹಚ್ಚಿ, ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ, ನಾನು ಕದ್ದಿಲ್ಲ ಎನ್ನಬೇಕು ಎಂದರು ಸಾಲುಮನೆಯವರು. ಅಪ್ಪ ಆರಿಸಿದರು, ಹೇಳಿದರು. ಸ್ವಲ್ಪ ಸಮಯದಲ್ಲೇ ಅವರಿಗೆ ಕಾಮಾಲೆ ಹಿಡಿಯಿತು. ಕಣ್ಣು ಹಳದಿಯಾದದ್ದನ್ನು ಸಾಲುಮನೆಯವರೆಲ್ಲ ಬಂದು ನೋಡಿಕೊಂಡು ಹೋದರು. ಸುಳ್ಳು ಹೇಳಿದ್ದು ಹೊರಗೆ ಬಂತು ಎಂದರು.

"ಸತ್ತದ್ದು ಕಾಮಾಲೆಯಿಂದ. ಕಳ್ಳನಾಗಿ ಸತ್ತರು" ಎಂದರು ಅವರು, ಮುಂದಿನ ಲಾರಿಯನ್ನೇ ನೋಡುತ್ತಾ. "ಹಡಗಿನಲ್ಲಿ ಬಂದದ್ದು ಅದೇ ಸಾಲುಮನೆಯ ಜನ. ಇಲ್ಲಿ ಕಾಲೊನಿಯಲ್ಲಿ ಪಕ್ಕದ ಮನೆ ಸಿಕ್ಕಿದ್ದೂ ಅವರಿಗೇ. ಗಂಟೆ ಅಲ್ಲೇ ಉಳಿಯಿತು. ಕಳ್ಳನ ಮಗ ಅನ್ನುವ ಹೆಸರು ನೀರು ದಾಟಿ ಬಂತು."

ಹಾಗಾಗಿ, ಕಾಲೊನಿಯ ಹೆಂಗಸೊಬ್ಬರನ್ನು ದೈವದ ಕಟ್ಟೆಗೆ ಪ್ರಮಾಣಕ್ಕೆ ಕರೆದಿದ್ದಾರೆ ಎಂದು ತಿಳಿದಾಗ ಅವರು ಸುಮ್ಮನಿರುವುದು ಸಾಧ್ಯವೇ ಇರಲಿಲ್ಲ.

ಆ ಹೆಂಗಸು ಸಂಜೆಹೊತ್ತು ಹತ್ತಿರದ ಒಬ್ಬ ಕೃಷಿಕರ ಹೊಗೆಮನೆಯಲ್ಲಿ ರಬ್ಬರ್ ಶೀಟು ಒಣಗಿಸಲು ಹೋಗುತ್ತಿದ್ದರು. ಒಂದು ಕಟ್ಟು ಶೀಟು ಕಾಣಲಿಲ್ಲ. ಪೊಲೀಸರಿಗೆ ಹೇಳುವುದು ಬೇಡ, ಭಾನುವಾರ ದೈವದ ಕಟ್ಟೆಯಲ್ಲಿ ಪ್ರಮಾಣ ಮಾಡಲಿ ಎಂದು ಕೃಷಿಕರು ಹೇಳಿದರು. ನಮ್ಮ ಕಡೆ ಇದು ಹೊಸದಲ್ಲ. ಗಡಿ ತಕರಾರು, ಕಳವು, ಅಣ್ಣತಮ್ಮಂದಿರ ಪಾಲು, ಕೋರ್ಟಿನಲ್ಲಿ ಮುಗಿಯದ್ದು ಕಟ್ಟೆಯ ಮೆಟ್ಟಿಲಿನಲ್ಲಿ ಮುಗಿಯುತ್ತದೆ. ಚಪ್ಪಲಿ ಕಳಚಿ ಆ ಮೆಟ್ಟಿಲು ಹತ್ತಿ, ದೀಪದ ಮುಂದೆ ಕೈ ಚಾಚಿ ಹೇಳಿದ ಮಾತನ್ನು ಆಮೇಲೆ ಯಾರೂ ಪ್ರಶ್ನಿಸುವುದಿಲ್ಲ. ಸುಳ್ಳಾದರೆ ದೈವ ನೋಡಿಕೊಳ್ಳುತ್ತದೆ ಎಂಬ ಭಯವೇ ಅದರ ಬಲ. ಆ ಕಟ್ಟೆ ಇರುವುದು ನನ್ನ ತಾಯಿಯ ಊರಿನಲ್ಲಿ. ಚಿಕ್ಕಂದಿನಿಂದ ನೋಡಿದ್ದೇನೆ. ಎದುರು ಹಾದು ಹೋಗುವಾಗ ಬಸ್ಸಿನ ಡ್ರೈವರು ಹಾರ್ನಿನಿಂದ ಕೈ ತೆಗೆಯುತ್ತಾನೆ.

"ನೀವು ಬನ್ನಿ ಮಾಷ್ಟ್ರೆ" ಎಂದು ಅವರು ಫೋನು ಮಾಡಿದರು. "ಎಂತ ಮಾಡುವುದು ಬೇಡ. ಓದಿದವರು ಒಬ್ಬರು ನೋಡಿದ ಹಾಗಿರಬೇಕು. ನೋಡಿದರೆ ಸಾಕು."

ಭಾನುವಾರ ಬೆಳಿಗ್ಗೆ ಮಾವಿನ ಮರದ ಕೆಳಗೆ ಮೂವತ್ತು ನಲವತ್ತು ಜನ ಇದ್ದರೇನೋ. ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಅವರ ಹೆಸರು ಕರೆಯುವ ಮೊದಲೇ ಸಿಲೋನಿನವರು ಹಲಗೆಯನ್ನು ನನ್ನ ಕೈಗೆ ಕೊಟ್ಟು, ಮೆಟ್ಟಿಲು ಹತ್ತಿ, ದೀಪದ ಮುಂದೆ ಕೈ ಚಾಚಿದರು.

"ಶೀಟು ಕದ್ದದ್ದು ನಾನು. ಸತ್ಯ" ಎಂದರು ಗಟ್ಟಿಯಾಗಿ. ಅವರು ಉಸಿರು ತೆಗೆದುಕೊಂಡು, ಅದೇ ಕೈ ಚಾಚಿ, ಅದೇ ದನಿಯಲ್ಲಿ, "ಶೀಟು ಕದ್ದದ್ದು ನಾನಲ್ಲ. ಅದೂ ಸತ್ಯ. ಎರಡರಲ್ಲಿ ಒಂದು ಸುಳ್ಳು. ಈಗ ನನಗೆ ಎಂತ ಆಗ್ತದೆ ಅಂತ ನೋಡುವ" ಎಂದರು.

ಆಮೇಲೆ ಗದ್ದಲ. ಯಾರೋ ನನ್ನ ಕೈಯಿಂದ ಹಲಗೆ ಕಿತ್ತುಕೊಂಡರು. ಅವರು ರಿಕ್ಷಾ ಹತ್ತಿ ಹೋದರು. ಆ ಗೊಂದಲದಲ್ಲಿ ಹೆಂಗಸಿನ ಪ್ರಮಾಣ ನಡೆಯಲೇ ಇಲ್ಲ. ಕೃಷಿಕರು ಕೂಡ ಆಮೇಲೆ ಅದರ ಸುದ್ದಿ ಎತ್ತಲಿಲ್ಲ. ಊರು ಎತ್ತಿದ್ದು ಬೇರೆ ಸುದ್ದಿ. ಮಧ್ಯಾಹ್ನದ ಊಟದ ಹೊತ್ತಿಗೆ ವಾಟ್ಸಾಪಿನಲ್ಲಿ ಬಂತು: ಸಿಲೋನಿನವ ಚಪ್ಪಲಿ ಹಾಕಿ ದೈವದ ಮೆಟ್ಟಿಲು ಹತ್ತಿದ.

ಎರಡು ಪ್ರಮಾಣ ಮಾಡಿದ್ದಕ್ಕೆ ಜನ ಸಿಟ್ಟಾಗಲಿಲ್ಲ ಎಂದಲ್ಲ. ಆದರೆ ಅದನ್ನು ದೈವಕ್ಕೆ ಬಿಟ್ಟರು. ಅದು ದೈವಕ್ಕೂ ಅವರಿಗೂ ನಡುವಿನ ಲೆಕ್ಕ. ಚಪ್ಪಲಿ ಮಾತ್ರ ಊರಿಗೆ ಸೇರಿದ್ದು. ಅದು ಮೆಟ್ಟಿಲಿಗೆ ಮಾಡಿದ ಅವಮಾನ, ಪೊಲೀಸರಿಗೆ ಕೊಡಬಹುದಾದ ದೂರು.

ಅದರ ನಡುವೆ ಅವರಿಗೆ ಜ್ವರ ಬಂತು. ಕಾಲೊನಿಯಲ್ಲಿ ಆ ತಿಂಗಳು ಮನೆಮನೆಗೂ ಜ್ವರ ಇತ್ತು, ಸೊಳ್ಳೆಯ ಕಾಲ. ಬೇರೆ ಯಾರಿಗೆ ಬಂದರೂ ಜ್ವರ; ಅವರಿಗೆ ಬಂದರೆ ದೈವದ ಉತ್ತರ. ಅವರ ಹೆಂಡತಿ ನನಗೆ ಫೋನು ಮಾಡಿ ಪಿಸುಗುಟ್ಟಿದರು. "ಮಾಷ್ಟ್ರೆ, ಜ್ವರದ ಮಾತ್ರೆ ಬಿ.ಸಿ.ರೋಡಿನಿಂದ ತನ್ನಿ. ಕೊಕ್ಕಡದ ಮೆಡಿಕಲಿಗೆ ನಾನು ಹೋದರೆ ಸಂಜೆಗೆ ಊರಿಗೆಲ್ಲ ಗೊತ್ತಾಗ್ತದೆ."

ಮಾತ್ರೆ ಹಿಡಿದು ಬಸ್ಸು ಇಳಿದು ಹೋದರೆ, ಅವರು ಹಣೆಯಲ್ಲಿ ಬೆವರು ಸುರಿಸುತ್ತಾ ರಿಕ್ಷಾ ತೊಳೆಯುತ್ತಿದ್ದರು. ದಾರಿಯಲ್ಲಿ ಯಾರಾದರೂ ಕಂಡರೆ ಬಕೆಟು ಎತ್ತಿ ನಗುತ್ತಿದ್ದರು.

"ಮಲಗಿ ಮಾರಾಯ್ರೆ" ಎಂದೆ.

"ಅಪ್ಪ ಮಲಗಿದ್ದೇ ತಪ್ಪಾದದ್ದು" ಎಂದರು ಹಲ್ಲು ಕಚ್ಚಿಕೊಂಡು. ನಡುಕಕ್ಕೆ ಬಕೆಟಿನ ನೀರು ಅವರ ಕಾಲ ಮೇಲೆ ಚೆಲ್ಲುತ್ತಿತ್ತು. ಒಡೆದ ಹಿಮ್ಮಡಿ, ಅದರ ಬಿರುಕಿನಲ್ಲಿ ರಬ್ಬರ್ ಹಾಲಿನ ಹಳೆಯ ಕಪ್ಪು. ಆ ಹಿಮ್ಮಡಿ ನನಗೆ ಚೆನ್ನಾಗಿ ನೆನಪಿದೆ. ತೊಂದರೆ ಶುರುವಾದದ್ದೂ ಅಲ್ಲಿಂದ.

ಜ್ವರ ಇಳಿಯಿತು, ದೂರು ಏರಿತು. ಊರಿನವರು ಬರೆದು, ಸಹಿ ಹಾಕಿ ಇಟ್ಟರು. ಠಾಣೆಗೆ ಇನ್ನೂ ಕೊಟ್ಟಿರಲಿಲ್ಲ. ಆದರೆ ತೋಟದ ಮ್ಯಾನೇಜರು ಹೆಂಡತಿಯನ್ನು ಕರೆದು ಹೇಳಿದರಂತೆ: ಕೇಸು ಆದರೆ ನಾನೇನೂ ಮಾಡುವ ಹಾಗಿಲ್ಲ, ಮನೆ ಖಾಲಿ ಮಾಡಬೇಕಾದೀತು. ಅವರು ಮನೆಗೆ ಬಂದು ಮೊದಲು ಮಾಡಿದ್ದು ಅಟ್ಟದಿಂದ ಪಾತ್ರೆ ಇಳಿಸಿ ಸೀರೆಯಲ್ಲಿ ಗಂಟು ಕಟ್ಟಿದ್ದು. ಗೋಡೆಯ ಗಡಿಯಾರವನ್ನೂ ಇಳಿಸಿ ಗಂಟಿನಲ್ಲಿ ಸೇರಿಸಿದ್ದರು. ಗಂಟಿನೊಳಗೆ ಅದು ಟಿಕ್ ಟಿಕ್ ಎನ್ನುತ್ತಿತ್ತು.

ನನ್ನ ಅಕ್ಕನ ಗಂಡ ಕಟ್ಟೆಯ ಸಮಿತಿಯಲ್ಲಿದ್ದಾರೆ. ಚಪ್ಪಲಿ ಕಂಡೆ ಎಂದು ಊರಿಡೀ ಹೇಳಿಕೊಂಡು ಬಂದವರಲ್ಲಿ ಅವರು ಮೊದಲಿಗರು. ಅಕ್ಕನ ಮನೆಯ ಜಗಲಿಯಲ್ಲಿ ಅವರನ್ನು ಹಿಡಿದೆ.

"ಬಾವ, ಆಗ ನೀವು ಎಲ್ಲಿ ಇದ್ದದ್ದು?"

"ನಾನಾ? ರಸ್ತೆಯ ಆಚೆ. ಗೂಡಂಗಡಿ ಹತ್ತಿರ."

"ಅಲ್ಲಿಂದ ಕಾಲು ಕಾಣ್ತದಾ?"

"ಕಾಲು ಕಾಣದಿದ್ದರೆ ಎಂತ ಮಾರಾಯ, ಧಿಮಾಕು ಕಾಣ್ತದಲ್ಲ."

ಒಳಗಿನಿಂದ ಅಕ್ಕ ನಕ್ಕದ್ದು ಕೇಳಿತು. ಬಾವ ಗಂಭೀರರಾದರು. "ನೋಡು, ಗುತ್ತಿನ ಯಜಮಾನರು ಒಂದು ದಾರಿ ಹೇಳಿದ್ದಾರೆ. ನೀನು ಹತ್ತಿರ ನಿಂತವ, ಈ ಊರಿನ ಮಗಳ ಮಗ. ಭಾನುವಾರ ಮೆಟ್ಟಿಲು ಹತ್ತಿ, ಚಪ್ಪಲಿ ಇರಲಿಲ್ಲ ಅಂತ ಹೇಳು. ಅವರು ಕಾಗದ ವಾಪಸು ತೆಗೆದುಕೊಳ್ತಾರೆ. ನಿನಗೆಂತ ಕಷ್ಟ? ನಿನಗೆ ದೈವವೂ ಇಲ್ಲ, ದೇವರೂ ಇಲ್ಲ."

ಗುತ್ತು ಎಂದರೆ ಕಟ್ಟೆಯ ಹೊಣೆ ಹೊತ್ತ ಹಳೆಯ ಮನೆ. ಅದರ ಯಜಮಾನರ ಮಾತು ಅಲ್ಲಿ ಕೊನೆಯದು. ದಾರಿ ಸುಲಭವಿತ್ತು. ಬಾವ ಹೇಳಿದ್ದೂ ಸರಿ: ನಂಬದವನಿಗೆ ಪ್ರಮಾಣ ಬರೀ ಶಬ್ದ. ಆದರೆ ಕೇಳುವವರಿಗೆ ಅದು ಬರೀ ಶಬ್ದವಲ್ಲ. ನನಗೆ ಬೆಲೆಯಿಲ್ಲದ ನೋಟನ್ನು ಅವರ ಅಂಗಡಿಯಲ್ಲಿ ಚಲಾಯಿಸಿದ ಹಾಗೆ ಆಗುತ್ತಿತ್ತು. ಅದಕ್ಕಿಂತ ದೊಡ್ಡ ತೊಡಕೆಂದರೆ, ಅದು ನಿಜವೋ ಎಂದು ನನಗೇ ಗೊತ್ತಿರಲಿಲ್ಲ.

ಮೆಟ್ಟಿಲ ಮೇಲೆ ಬರಿಗಾಲು ಕಂಡ ನೆನಪು. ಒಡೆದ ಹಿಮ್ಮಡಿ, ಬಿರುಕಿನ ಕಪ್ಪು. ಆದರೆ ಆ ಹಿಮ್ಮಡಿಯನ್ನು ನಾನು ಅವರ ಅಂಗಳದಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಬಕೆಟಿನ ಹತ್ತಿರದ ಕಾಲನ್ನು ಮೆಟ್ಟಿಲ ಮೇಲೆ ತಂದಿಟ್ಟದ್ದು ನನ್ನ ಮನಸ್ಸೇ ಆಗಿರಬಾರದೇಕೆ? ಮರದ ಬುಡದ ಚಪ್ಪಲಿಯ ಮೇಲಂತೂ ಇನ್ನೂ ಅನುಮಾನ. ದೇವಸ್ಥಾನದ ಹೊರಗೆ ಬಿಟ್ಟ ಹಾಗೆ ಅಷ್ಟು ಅಚ್ಚುಕಟ್ಟು! ಧಿಕ್ಕರಿಸಲು ಹೋದ ಮನುಷ್ಯ ಚಪ್ಪಲಿ ಜೋಡಿಸಿಟ್ಟು ಹೋಗುತ್ತಾನೆಯೇ? ಗದ್ದಲದಲ್ಲಿ ಓಡಿ ರಿಕ್ಷಾ ಹತ್ತಿದವರು ಅದನ್ನು ಮೆಟ್ಟಿಕೊಂಡದ್ದು ಯಾವಾಗ? ಒಂದು ವೀಡಿಯೊ ಇತ್ತು. ಅದರಲ್ಲಿ ಅವರ ತಲೆ, ಚಾಚಿದ ಕೈ, ನನ್ನ ಕೈಯಲ್ಲಿನ ಹಲಗೆ ಇವೆ. ಸೊಂಟದ ಕೆಳಗೆ ಜನರ ಹೆಗಲು. ವೀಡಿಯೊದಲ್ಲಿ ನಾನು ನೋಡುತ್ತಿರುವುದು ಅವರ ಕಾಲನ್ನಲ್ಲ, ಜನರ ಮುಖವನ್ನು.

ಒಂದು ಮಧ್ಯಾಹ್ನ ಕಟ್ಟೆಗೆ ಹೋಗಿ ನಿಂತು ನೋಡಿದೆ. ನನ್ನ ನೆನಪಿನಲ್ಲಿ ಮೆಟ್ಟಿಲು ಮೊಣಕಾಲೆತ್ತರ. ಅಲ್ಲಿ ನೋಡಿದರೆ ಗೇಣಿನಷ್ಟಿತ್ತು. ಮರದ ಬುಡ ನಾನು ತಿಳಿದದ್ದಕ್ಕಿಂತ ಆ ಕಡೆಗಿತ್ತು. ಇಷ್ಟು ತಪ್ಪಿರುವಲ್ಲಿ ಚಪ್ಪಲಿಯೊಂದು ಸರಿ ಇರುತ್ತದೆಂದು ಹೇಗೆ ಹೇಳಲಿ?

ಅವರನ್ನೇ ಕೇಳಿದರೆ ಮುಗಿಯುತ್ತಿತ್ತು. ಕೇಳಿದೆ ಕೂಡ. ಅವರು ಉತ್ತರ ಕೊಡಲಿಲ್ಲ.

"ನೀವು ಪ್ರಮಾಣ ಮಾಡಿ ನನ್ನನ್ನು ಉಳಿಸಿದರೆ ನನ್ನ ಹಲಗೆಗೆ ಎಂತ ಅರ್ಥ? ಕೇಸು ಆಗಲಿ. ಕೋರ್ಟಿನಲ್ಲಿ ಸಾಕ್ಷಿ ಕೇಳ್ತಾರೆ. ಅಲ್ಲಿ ಹೇಳ್ತೇನೆ" ಎಂದರು.

ಹೆಂಡತಿ ಬಾಗಿಲಿಗೆ ಬಂದರು. "ಕೋರ್ಟಿಗೆ ಹೋಗುವಾಗ ಎಲ್ಲಿಂದ ಹೊರಡುವುದು? ಬಸ್ ಸ್ಟ್ಯಾಂಡಿನಿಂದಲಾ?" ಎಂದು ಗಂಡನನ್ನು ಕೇಳಿ, ನನ್ನ ಕಡೆ ತಿರುಗಿದರು. "ಹಡಗಿನಲ್ಲಿ ಬರುವಾಗ ನಾನು ಅಮ್ಮನ ಸೊಂಟದಲ್ಲಿ ಇದ್ದದ್ದು. ಈಗ ನನ್ನನ್ನು ಹೊರುವವರು ಯಾರೂ ಇಲ್ಲ. ನೀವು ಹೇಳಿ ಮಾಷ್ಟ್ರೆ, ಒಂದು ಮಾತು. ನಿಮ್ಮ ಬಾಯಿ ಸವೆಯುವುದಿಲ್ಲ."

ಭಾನುವಾರ ನಾನು ಹೋದೆ. ಅವರು ಬರಲಿಲ್ಲ; ಹೆಂಡತಿ ಬಂದು ದೂರದಲ್ಲಿ, ಗೂಡಂಗಡಿಯ ಬೆಂಚಿನ ತುದಿಯಲ್ಲಿ ಕುಳಿತರು. ಈ ಸಲ ಜನ ಜಾಸ್ತಿ. ಗುತ್ತಿನ ಯಜಮಾನರು ಬಿಳಿ ಪಂಚೆಯುಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದರು, ಕಿಸೆಯಲ್ಲಿ ದೂರಿನ ಕಾಗದ.

"ಬನ್ನಿ. ನೀವು ಕಲಿತವರು, ನಮ್ಮವರು. ಹತ್ತಿ ಹೇಳಿ" ಎಂದರು.

ಮೆಟ್ಟಿಲು ಹತ್ತಿದೆ. ದೀಪ ಉರಿಯುತ್ತಿತ್ತು. ಕೈ ಚಾಚಲಿಲ್ಲ.

"ನಾನು ಹಲಗೆ ಹಿಡಿದು ಅವರ ಪಕ್ಕದಲ್ಲೇ ನಿಂತಿದ್ದೆ" ಎಂದೆ. "ಬರಿಗಾಲು ಕಂಡ ಹಾಗೆ ನೆನಪು ಉಂಟು. ಚಪ್ಪಲಿ ಮರದ ಬುಡದಲ್ಲಿ ಇದ್ದ ಹಾಗೆ ನೆನಪು ಉಂಟು. ಆದರೆ ಅದು ಅಂದೇ ಕಂಡದ್ದಾ, ಆಮೇಲೆ ಮನಸ್ಸಿನಲ್ಲಿ ಸೇರಿಕೊಂಡದ್ದಾ ಗೊತ್ತಿಲ್ಲ. ಚಪ್ಪಲಿ ಇತ್ತು ಅಂತ ಹೇಳ್ಲಿಕ್ಕೆ ಆಗುವುದಿಲ್ಲ. ಇರಲಿಲ್ಲ ಅಂತಲೂ ಆಗುವುದಿಲ್ಲ. ಗೊತ್ತಿಲ್ಲ ಅನ್ನುವುದು ಮಾತ್ರ ನನಗೆ ಸರಿಯಾಗಿ ಗೊತ್ತುಂಟು."

ಗೂಡಂಗಡಿಯ ಕಡೆ ನೋಡುವ ಧೈರ್ಯವಾಗಲಿಲ್ಲ. ಜನರ ಹಿಂದಿನಿಂದ ಯಾರೋ, "ಇದು ಒಳ್ಳೆದುಂಟು, ಹೀಗಾದರೆ ನಾವೂ ಪರೀಕ್ಷೆ ಬರೆಯಬಹುದಿತ್ತು" ಎಂದರು. ನಗು ಎದ್ದಿತು. ಯಜಮಾನರು ನಗಲಿಲ್ಲ.

"ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ಈ ಮೆಟ್ಟಿಲು ಹತ್ತಿದವರು ಇಷ್ಟರವರೆಗೆ ಇಲ್ಲ" ಎಂದರು ನಿಧಾನವಾಗಿ. ಹಿಂಜರಿದವರ ಕಡೆಗೆ ಸೋಲು ಎನ್ನುವುದು ಅಲ್ಲಿನ ಕ್ರಮ. ಅವರು ಅದನ್ನೇ ಹೇಳುತ್ತಾರೆಂದು ನಾನು ಕಾದೆ. ಅವರು ನನ್ನ ಕಾಲನ್ನು ನೋಡಿದರು, ದೀಪವನ್ನು ನೋಡಿದರು, ಮತ್ತೆ ಜನರ ಕಡೆ ತಿರುಗಿದರು.

"ಆಯಿತು. ಇವರಿಗೆ ಗೊತ್ತಿಲ್ಲವಂತೆ. ಗೊತ್ತಿರುವವರು ಬನ್ನಿ. ಚಪ್ಪಲಿ ಕಂಡವರು ಹತ್ತಿ, ಕಂಡೆ ಅಂತ ಹೇಳಿ. ನಾನು ಈಗಲೇ ಠಾಣೆಗೆ ಹೋಗ್ತೇನೆ."

ಯಾರೂ ಅಲುಗಾಡಲಿಲ್ಲ. ನನ್ನ ಬಾವ ಫೋನು ತೆಗೆದು ಅದರಲ್ಲಿ ಏನೋ ಬಹಳ ಮುಖ್ಯವಾದದ್ದನ್ನು ಓದತೊಡಗಿದರು. ದೂರಿನ ಕಾಗದಕ್ಕೆ ಮೊದಲ ಸಹಿ ಹಾಕಿದ್ದ ಹಿರಿಯರೊಬ್ಬರು ಮುಂದೆ ಬಂದರು. ಚಪ್ಪಲಿ ಕಳಚಿದರು. ಮೆಟ್ಟಿಲಿನ ಹತ್ತಿರದವರೆಗೆ ಹೋಗಿ ನಿಂತರು. ದೀಪದ ಕಡೆ ನೋಡಿದರು.

"ಕಂಡ ಹಾಗೆ ಉಂಟು" ಎಂದರು. "ನೀಲಿ ಬಾರು ಕಂಡ ಹಾಗೆ… ಆದರೆ ಮಕ್ಕಳು ಮೊಮ್ಮಕ್ಕಳು ಇರುವವ ನಾನು."

"ಕಂಡ ಹಾಗೆ ಅಂತ ಇಲ್ಲಿ ಆಗ್ಲಿಕ್ಕಿಲ್ಲ" ಎಂದರು ಯಜಮಾನರು.

ಹಿರಿಯರು ತಿರುಗಿ ಬಂದು ಚಪ್ಪಲಿ ಮೆಟ್ಟಿಕೊಂಡರು. ವಾಟ್ಸಾಪಿನಲ್ಲಿ ಅಷ್ಟು ಜನ ಕಂಡದ್ದು, ಮೆಟ್ಟಿಲಿನ ಎದುರು ಯಾರೂ ಕಾಣದ್ದಾಯಿತು. ಅವರು ಸುಳ್ಳುಗಾರರೆಂದು ನಾನು ಹೇಳುವುದಿಲ್ಲ. ಅವರೂ ನನ್ನ ಹಾಗೆಯೇ. ನೆನಪಿನಲ್ಲಿ ಒಂದು ಚಿತ್ರ ಇತ್ತು, ಅದು ಎಲ್ಲಿಂದ ಬಂತೆಂದು ಗೊತ್ತಿರಲಿಲ್ಲ. ನನಗೆ ಅನುಮಾನಿಸಲು ವಿಶ್ವವಿದ್ಯಾನಿಲಯ ಬೇಕಾಯಿತು. ಅವರಿಗೆ ಒಂದು ದೀಪ ಸಾಕಾಯಿತು. ಯಜಮಾನರು ಕಿಸೆಯಿಂದ ಕಾಗದ ತೆಗೆದು ಎರಡಾಗಿ ಹರಿದು ಪುನಃ ಕಿಸೆಗೇ ಹಾಕಿಕೊಂಡರು.

ಇಳಿದು ಬಂದಾಗ ನನ್ನ ಶೂ ಮರದ ಬುಡದಲ್ಲಿತ್ತು, ಒಂದರ ಪಕ್ಕ ಒಂದು, ಒಳಗೆ ಮಡಚಿಟ್ಟ ಕಾಲುಚೀಲ. ಯಾವಾಗ ಬಿಚ್ಚಿದೆ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಸಿಲೋನಿನವರು ನನ್ನೊಂದಿಗೆ ಕೆಲವು ವಾರ ಮಾತು ಬಿಟ್ಟರು. ಫೋನು ಮಾಡಿದರೆ ಹೆಂಡತಿ ತೆಗೆದು, "ಅವರು ಇಲ್ಲ ಅಂತ ಹೇಳ್ಲಿಕ್ಕೆ ಹೇಳಿದ್ದಾರೆ" ಎನ್ನುತ್ತಿದ್ದರು. ಕೊನೆಗೆ ಒಂದು ಶನಿವಾರ ನಾನೇ ಕಾಲೊನಿಗೆ ಹೋದೆ. ಅವರು ಅಂಗಳದಲ್ಲಿ ಹೊಸ ಹಲಗೆಗೆ ಬಣ್ಣ ಬಳಿಯುತ್ತಿದ್ದರು. ಮಾತು ಅದೇ, ಈ ಸಲ ಅಕ್ಷರಗಳು ಎಡದಿಂದ ಬಲಕ್ಕೆ ಒಂದೇ ಗಾತ್ರದಲ್ಲಿದ್ದವು.

"ಮೆಟ್ಟಿಲು ಹತ್ತಿದಿರಲ್ಲ" ಎಂದರು ತಲೆ ಎತ್ತದೆ.

"ಪ್ರಮಾಣ ಮಾಡಲಿಲ್ಲ. ಸಾಕ್ಷಿ ಹೇಳಿದ್ದು."

"ಕೆಳಗೆ ನಿಂತು ಹೇಳಬಹುದಿತ್ತು."

"ಕೆಳಗೆ ನಿಂತರೆ ಯಾರು ತಿರುಗಿ ನೋಡ್ತಾರೆ?"

ಬ್ರಷ್ಷು ಒಂದು ಕ್ಷಣ ನಿಂತಿತು. ಬನ್ಸಿನ ದಿನದ ಮಾತು ಅವರಿಗೂ ನೆನಪಿತ್ತೆಂದು ಕಾಣುತ್ತದೆ. "ಅವರು ಹೆದರಿ ಕೇಸು ಬಿಟ್ಟರು ಮಾಷ್ಟ್ರೆ" ಎಂದರು. "ನಾನು ಸರಿ ಅಂತ ಬಿಟ್ಟದ್ದಲ್ಲ. ಯಾವ ಹೆದರಿಕೆ ಬೇಡ ಅಂತ ನಾನು ಊರೂರು ತಿರುಗಿದೆನೋ, ಅದೇ ಹೆದರಿಕೆ ನನಗೆ ಮನೆ ಉಳಿಸಿ ಕೊಟ್ಟಿತು. ಅಪ್ಪನನ್ನು ಕೊಂದದ್ದೂ ಅದೇ. ನಾನು ಈಗ ಎಂತ ಹೇಳುವುದು?"

ನಾನು ಬಣ್ಣದ ಡಬ್ಬಿಯನ್ನು ಅವರ ಕೈಗೆ ಹತ್ತಿರ ಸರಿಸಿದೆ.

ಹೆಂಡತಿ ಚಹಾ ತಂದರು. "ನಿಮಗೆ ಸರಿಯಾಗಿಯೇ ನೆನಪಿತ್ತು ಮಾಷ್ಟ್ರೆ" ಎಂದರು. "ಚಪ್ಪಲಿ ಬುಡದಲ್ಲೇ ಇದ್ದದ್ದು. ಇವರು ಅಂದು ಬರಿಗಾಲಿನಲ್ಲೇ ರಿಕ್ಷಾ ಬಿಟ್ಟುಕೊಂಡು ಬಂದರು. ಸಂಜೆ ನಾನು ಹೋಗಿ ತಂದೆ."

"ಸುಮ್ಮನಿರು" ಎಂದರು ಅವರು.

"ಎಂತ ಸುಮ್ಮನೆ? ಬ್ಯಾಂಕಿಗೆ ಹೋದರೂ ಹೊರಗೆ ಕಳಚಿಟ್ಟು ಹೋಗುವ ಜನ ಇದು! ಮೊನ್ನೆ ಆರ್‌ಟಿಒ ಆಫೀಸಿನಲ್ಲಿ ಬಿಟ್ಟು ಹೋಗಿ ಯಾರೋ ಹಾಕಿಕೊಂಡು ಹೋದರು."

ಅವರ ಕಿವಿ ಕೆಂಪಾಯಿತು. ಧರ್ಮದ ವಿರುದ್ಧ ನಾಲ್ಕು ಊರಿನಲ್ಲಿ ನಿಂತ ಮನುಷ್ಯ ಹಲಗೆಯ ಅಂಚಿನ ಬಣ್ಣವನ್ನು ಬೆರಳಿನಿಂದ ಒರೆಸತೊಡಗಿದರು.

"ಅಂದೇ ಹೇಳಬಹುದಿತ್ತಲ್ಲ" ಎಂದೆ. "ಇಷ್ಟೆಲ್ಲ ಆಗ್ತಿರಲಿಲ್ಲ."

"ಹೇಳಿದರೆ ಅವರು ಎಂತ ಹೇಳ್ತಿದ್ದರು ಗೊತ್ತುಂಟಾ? ಸಿಲೋನಿನವನಿಗೂ ಒಳಗೆ ಭಕ್ತಿ ಉಂಟು ಅಂತ. ಭಕ್ತಿ ಅಲ್ಲ ಮಾಷ್ಟ್ರೆ, ಅಭ್ಯಾಸ. ಕಾಲು ತಾನೇ ಕಳಚಿತು. ನನ್ನನ್ನು ಕೇಳಲಿಲ್ಲ."

ಇದಕ್ಕಾಗಿ ಅವರು ಮನೆಯನ್ನೇ ಕಳೆದುಕೊಳ್ಳಲು ತಯಾರಿದ್ದರು. ಹೆಂಡತಿ ಗಂಡನ ಮುಖ ನೋಡಿದ ರೀತಿಯಿಂದ, ಈ ಮಾತು ಅವರ ನಡುವೆ ಆಗಲೇ ಹಲವು ಸಲ ಆಗಿಹೋಗಿದೆ ಎಂದು ತಿಳಿಯಿತು. ನನಗೆ ಸಮಾಧಾನವಾಗಬೇಕಿತ್ತು: ನನ್ನ ನೆನಪು ಒಮ್ಮೆಯಾದರೂ ಸರಿಯಾಗಿತ್ತು. ಆದರೆ ಆ ಚಿತ್ರವನ್ನೇ ನಾನು ಅಚ್ಚುಕಟ್ಟು ಜಾಸ್ತಿಯಾಯಿತೆಂದು ನಂಬದೆ ಹೋಗಿದ್ದೆ. ನೀಲಿ ಬಾರು ಕಂಡ ಆ ಹಿರಿಯರು ಕೂ‌ಡ ಬಹುಶಃ ಮರದ ಬುಡದಲ್ಲೇ ಕಂಡಿರಬೇಕು.

ಹೆಂಡತಿ ಒಳಗೆ ಗಂಟು ಬಿಚ್ಚುತ್ತಿದ್ದರು. ಇಷ್ಟು ದಿನ ಅದು ಹಾಗೆಯೇ ಇತ್ತಂತೆ. ಮ್ಯಾನೇಜರು ಮೊನ್ನೆ ದಾರಿಯಲ್ಲಿ ಸಿಕ್ಕಿ, ಮನೆಯ ಮಾಡು ಸೋರ್ತದಾ ಎಂದು ಕೇಳಿದ ಮೇಲೆ ಧೈರ್ಯ ಬಂತು. ಪಾತ್ರೆಗಳು ಒಂದೊಂದಾಗಿ ಅಟ್ಟಕ್ಕೆ ಹೋದವು. ಕೊನೆಗೆ ಗಡಿಯಾರ ಬಂತು.

"ಇದು ಬಾಗಿಲಿನ ಮೇಲೆ ಇದ್ದದ್ದು" ಎಂದರು ಸಿಲೋನಿನವರು ಅಂಗಳದಿಂದಲೇ.

"ಅಲ್ಲ, ಕಿಟಕಿ ಪಕ್ಕ."

"ಮೂವತ್ತು ವರ್ಷದಿಂದ ನಾನು ನೋಡಿದ್ದು ಬಾಗಿಲಿನ ಮೇಲೆ."

"ನೀವು ಮನೆಯಲ್ಲಿ ಇದ್ದದ್ದು ಯಾವಾಗ? ಮಾಷ್ಟ್ರೆ, ನೀವು ಎಷ್ಟು ಸಲ ಬಂದಿದ್ದೀರಿ. ಹೇಳಿ, ಎಲ್ಲಿತ್ತು?"

ಇಬ್ಬರೂ ನನ್ನನ್ನು ನೋಡಿದರು. ನನಗೆ ಸ್ಪಷ್ಟವಾಗಿ ಕಂಡಿತು: ಕಿಟಕಿಯ ಪಕ್ಕ, ಕ್ಯಾಲೆಂಡರಿನಿಂದ ಸ್ವಲ್ಪ ಮೇಲೆ, ಬೆಳಕಿಗೆ ಗಾಜು ಹೊಳೆಯುತ್ತಾ. ಹಾಗೆಂದು ಹೇಳಿದೆ.

ಅವರು ಬ್ರಷ್ಷು ಕೆಳಗಿಟ್ಟು, ಹೊಸ್ತಿಲ ಹೊರಗೆ ಚಪ್ಪಲಿ ಕಳಚಿ, ಗೋಡೆಯಲ್ಲಿ ಮೊಳೆಯ ತೂತು ಹುಡುಕಲು ಒಳಗೆ ಹೋದರು.